ಖಾಲಿ ಎಂದು ಕತ್ತರಿಸಿದ ನಾನೂರು ತಾಸು

ಯಲಿಗಾರ ಸರ್ ತೀರಿಕೊಂಡ ಸುದ್ದಿ ಬಂದದ್ದು ಸೋಮವಾರ ಮುಂಜಾನೆ ಏಳು ಗಂಟೆ ಹತ್ತು ನಿಮಿಷಕ್ಕೆ. ಆ ಹೊತ್ತಿನಲ್ಲಿ ಆರು ಊರುಗಳ ಆರು ಮನೆಗಳಲ್ಲಿ ಅವರ ಆರು ಜನ ಶಿಷ್ಯರು ಪೆಟ್ಟಿಗೆಯೊಳಗೆ ಕೈಯಿಟ್ಟುಕೊಂಡು ಕುಳಿತಿದ್ದರು. ಆರೂ ಜನರ ಕೈಯ ಮೇಲೆ ಯಲಿಗಾರ ಸರ್ ಅವರ ಕೈ ಇತ್ತು.

ಫೋನೆತ್ತಿದವಳು ಅಕ್ಕನಾಗಮ್ಮ ತಡಸದ. ಹುಬ್ಬಳ್ಳಿಯ ಒಂದು ವೈದ್ಯಕೀಯ ಕಾಲೇಜಿನ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ಸಿಸ್ಟರಾಗಿ ದುಡಿದು ನಿವೃತ್ತಳಾದವಳು. ಜ್ವರದ ಕಾಲಕ್ಕೆ ಮತ್ತೆ ಕರೆ ಬಂದಾಗ ಇಲ್ಲವೆನ್ನದೆ ಹೋದವಳು. ಈಗ ಕಾಲೇಜಿನ ನೆಲಮಹಡಿಯ ಕೋಣೆಯೊಂದರಲ್ಲಿ, ಆರು ಹಸಿರು ದೀಪಗಳ ಫಲಕದ ಮುಂದೆ ಒಬ್ಬಳೇ ಕೂಡುವುದು ಆಕೆಯ ಕೆಲಸ. ಒಂದು ದೀಪಕ್ಕೆ ಒಬ್ಬ ಶಿಷ್ಯ. ದೀಪ ಉರಿಯುತ್ತಿದ್ದರೆ ಆ ಊರಿನಲ್ಲಿ ಪಾಠ ನಡೆದಿದೆ ಎಂದು ಅರ್ಥ.

"ನಾಕೂವರಿಗೆ ಹೋದ್ರು, ಸಿಸ್ಟರ್," ಎಂದಳು ಜ್ವರದ ವಾರ್ಡಿನ ನರ್ಸು. "ತ್ರಾಸ ಏನೂ ಆಗಲಿಲ್ಲ. ಮಾರಿ ನೋಡಾಕ ಯಾರನ್ನೂ ಬಿಡಂಗಿಲ್ಲಂತ. ಗಾಡಿ ಆಗಲೇ ಹೋತು."

ನಾಗಮ್ಮ ಹೂಂಗುಟ್ಟಿ ಫೋನು ಕೆಳಗಿಟ್ಟಳು. ಆರೂ ದೀಪಗಳು ಉರಿಯುತ್ತಿದ್ದವು. ಪಾಠ ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ನಿಲ್ಲಿಸುವ ಗುಂಡಿ ಕೈಯಳತೆಯಲ್ಲೇ ಇತ್ತು. ಕರುಳಿನ ಹೊಲಿಗೆಯನ್ನು ಅರ್ಧಕ್ಕೆ ಬಿಡಿಸಬಾರದು ಎಂದು ತನಗೆ ತಾನೇ ಹೇಳಿಕೊಂಡು, ಗುಂಡಿಯ ಗೊಡವೆಗೆ ಹೋಗದೆ ಕುಳಿತಳು.

ಒಂಬತ್ತರ ಹೊತ್ತಿಗೆ ಸುದ್ದಿ ಎಲ್ಲರ ಫೋನಿಗೂ ಮುಟ್ಟಿತು. ಮೊದಲು ಮಾತಾಡಿದವಳು ಹೊಳೆಕಡ್ಲಿಯ ತಬಸ್ಸುಮ ನದಾಫ. ಶಸ್ತ್ರಚಿಕಿತ್ಸೆ ಕಲಿಯುವ ಮೂರನೆಯ ವರ್ಷದವಳು, ಆರು ಜನರಲ್ಲಿ ಎಲ್ಲರಿಗಿಂತ ಚುರುಕು ಕೈಯವಳು.

"ಸಿಸ್ಟರ್," ಎಂದಳು. ಅತ್ತು ಅತ್ತು ದನಿ ಒಡೆದಿತ್ತು. "ಏಳು ಗಂಟೇಕ ನನ್ನ ಕೈ ಮ್ಯಾಲೆ ಇದ್ದದ್ದು ಯಾರ ಕೈ?"

ನಾಗಮ್ಮನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. "ಸರ್ ಅವರದ, ತಂಗಿ," ಎಂದಳು. "ಆದ್ರ ಹಳೇದು."

*

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕೊರೊನಾ ಹೋಗಿ ಹದಿಮೂರು ವರ್ಷಕ್ಕೆ ಬಂದ ಈ ಹೊಸ ರೋಗವನ್ನು ಜನ ಕಲ್ಲುಜ್ವರ ಎಂದು ಕರೆದರು. ನಾಲ್ಕನೆಯ ದಿನಕ್ಕೆ ಎದೆಯೊಳಗೆ ಕಲ್ಲು ಕಟ್ಟಿದಂತಾಗಿ ಉಸಿರು ನಿಲ್ಲುತ್ತಿತ್ತು. ಆಪರೇಷನ್ ಥಿಯೇಟರುಗಳೆಲ್ಲ ರೋಗಿಗಳ ವಾರ್ಡುಗಳಾದವು. ಕಲಿಯುವವರನ್ನು ಅವರವರ ಊರಿಗೆ ಕಳಿಸಿದರು. ಈಜನ್ನು ದಡದಲ್ಲಿ ಕೂತು ಕಲಿಯಲಾಗದು. ಹಾಗೆಯೇ ಶಸ್ತ್ರಚಿಕಿತ್ಸೆಯ ವಿದ್ಯೆಯನ್ನು ಪುಸ್ತಕದಿಂದ ಕಲಿಯಲಾಗದು. ಆಗ ಕಾಲೇಜಿನವರು ಒಬ್ಬೊಬ್ಬರಿಗೆ ಒಂದೊಂದು ಕೈಪೆಟ್ಟಿಗೆ ಕೊಟ್ಟರು.

ಹೊಲಿಗೆ ಯಂತ್ರದ ಮುಚ್ಚಳದಷ್ಟು ದೊಡ್ಡ ಪೆಟ್ಟಿಗೆ. ಎದುರಿಗೆ ಎರಡು ಕಿಂಡಿ, ಮೇಲೊಂದು ಪರದೆ. ಒಳಗೆ ಜೋಳದ ಅಂಬಲಿಯಷ್ಟು ಮಂದವಾದ ಒಂದು ದ್ರವ. ವಿದ್ಯುತ್ತು ಹರಿದ ಕಡೆ ಅದು ಬಿಗಿಯುತ್ತದೆ, ಹರಿಯದ ಕಡೆ ಸಡಿಲಾಗಿಯೇ ಇರುತ್ತದೆ. ಎಲ್ಲಿ ಎಷ್ಟು ಬಿಗಿಯಬೇಕೆಂದು ಯಂತ್ರ ಕ್ಷಣಕ್ಷಣಕ್ಕೆ ಹೇಳುತ್ತಿರುವುದರಿಂದ ಬೆರಳಿಗೆ ಇದು ಚರ್ಮ, ಇದು ಕೊಬ್ಬು, ಇದು ಜಾರುವ ಕರುಳು ಎಂದು ತಿಳಿಯುತ್ತಿತ್ತು. ಇನ್ನೂ ಒಂದು ವಿಶೇಷವಿತ್ತು. ಗುರು ಹುಬ್ಬಳ್ಳಿಯ ತನ್ನ ಪೆಟ್ಟಿಗೆಯಲ್ಲಿ ಕೈಯಿಟ್ಟರೆ ಶಿಷ್ಯನ ಕೈಯ ಮೇಲೆ ಆ ಕೈಯ ಭಾರ ಬರುತ್ತಿತ್ತು. ತಪ್ಪು ಕಡೆ ಹೊರಟರೆ ತಡೆಯುತ್ತಿತ್ತು, ಗಂಟು ಸಡಿಲಾದರೆ ಬೆರಳನ್ನು ಒತ್ತುತ್ತಿತ್ತು. ಯಲಿಗಾರ ಶಿವಪುತ್ರಪ್ಪನವರು ಒಬ್ಬರಾದ ಮೇಲೆ ಒಬ್ಬರಂತೆ ಆರೂ ಜನರಿಗೆ ದಿನವೂ ಹೀಗೆ ಕಲಿಸಿದರು. ಅವರ ಕೈಯ ಪ್ರತಿಯೊಂದು ಒತ್ತನ್ನೂ ಯಂತ್ರ ಬರೆದಿಟ್ಟುಕೊಂಡಿತು. ಮೂರು ತಿಂಗಳಾಗುವಷ್ಟರಲ್ಲಿ ಅವರಿಲ್ಲದೆಯೇ ಅವರ ಕೈಯಂತೆ ನಡೆಯುವುದನ್ನು ಕಲಿತುಬಿಟ್ಟಿತು.

ಜ್ವರ ಬಂದು ಆಂಬುಲೆನ್ಸ್ ಏರುವಾಗ ಸರ್ ನಾಗಮ್ಮನಿಗೆ ಫೋನು ಮಾಡಿ, "ಪಾಠ ನಿಲ್ಲಬಾರದು, ನಾಗಮ್ಮಾ. ನಾ ಬರೂಮಟ ನನ್ನ ಹಳೇ ಕೈ ಹಾಕ್ರಿ. ಹುಡುಗ್ರಿಗೆ ಹೇಳಬ್ಯಾಡ್ರಿ, ಅಂಜತಾವ," ಎಂದಿದ್ದರು. ಹೀಗೆ ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ಸೋಮವಾರ.

*

ಆ ದಿನ ನಾಗಮ್ಮ ಮನೆಗೆ ಬಂದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕುಳಿತಳು. ಕಣ್ಣು ಲಿಂಗದ ಮೇಲೆ ನಿಲ್ಲಲಿಲ್ಲ. ಮೂವತ್ತೊಂದು ವರ್ಷ ಆಕೆಯ ಕೈಯಿಂದ ಕತ್ತರಿ, ಚಿಮಟ, ಸೂಜಿ ಆ ಮನುಷ್ಯನ ಅಂಗೈಗೆ ಹೋಗಿದ್ದವು. ಅವರು ಕೇಳುವ ಮೊದಲೇ ಕೊಡುವಳು, ಅವರು ತಿರುಗಿ ನೋಡದೆಯೇ ತೆಗೆದುಕೊಳ್ಳುವರು. ಥಿಯೇಟರಿನ ಹೊರಗೆ ಇಬ್ಬರೂ ಹತ್ತು ಮಾತು ಆಡಿದವರಲ್ಲ. ಒಮ್ಮೆ ಆಕೆಯ ತಾಯಿ ಸತ್ತಾಗ ಬಂದು ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತು, "ಊಟ ಮಾಡ್ರಿ," ಎಂದಷ್ಟೇ ಹೇಳಿ ಹೋಗಿದ್ದರು. ಆಕೆ ಅವರಿಗೆ ಹೆಂಡತಿಯಲ್ಲ, ತಂಗಿಯಲ್ಲ, ಬಂಧುವಲ್ಲ. ಸಮಾಧಾನ ಹೇಳಲು ಯಾರಾದರೂ ಆಕೆಯ ಬಾಗಿಲಿಗೆ ಬರಲು ಯಾವ ಸಂಬಂಧವೂ ಇರಲಿಲ್ಲ.

ಸಂಜೆ ಎದುರುಮನೆಯ ಹೆಂಗಸು ಕಿಟಕಿಯ ಸರಳಿನಾಚೆ ನಿಂತು ಕೇಳಿದಳು. "ನಿಮ್ಮ ದವಾಖಾನಿ ದೊಡ್ಡ ಡಾಕ್ಟರು ಹೋದ್ರಂತಲ್ರಿ ನಾಗಮ್ಮಾರ, ನಿಮಗ ಪರಿಚಯ ಇದ್ದರೇನು?"

"ಇದ್ದರವ್ವ," ಎಂದಳು ನಾಗಮ್ಮ. ಹೆಂಗಸು ಲೊಚಗುಟ್ಟಿ ತನ್ನ ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಹೋದಳು.

*

ಮೂರನೆಯ ದಿನ ಆರು ಜನ ಶಿಷ್ಯರೂ ಪರದೆಯ ಮೇಲೆ ಕೂಡಿದರು. ಯಂತ್ರಕ್ಕೆ ಬುದ್ಧಿ ಕಲಿಸಿದ ಧಾರವಾಡದ ಇಂಜಿನಿಯರು ವೈಜಯಂತಿ ಕಟ್ಟಿಯೂ ಇದ್ದಳು. ಅವಳು ಅಡಿಗೆಮನೆಯಲ್ಲೇ ಕೂತಿದ್ದಳು; ಹಿಂದೆ ಕುಕ್ಕರು ಸೀಟಿ ಹೊಡೆಯುತ್ತಿತ್ತು.

"ಕೈ ನಿಲ್ಲಸೋದೋ ಇಟಗೊಳ್ಳೋದೋ, ನೀವ ಹೇಳ್ರಿ," ಎಂದಳು ವೈಜಯಂತಿ. "ನನಗ ಯಾವದಾದರೂ ಅಡ್ಡಿ ಇಲ್ಲ."

ಒಬ್ಬೊಬ್ಬರೂ ಒಂದೊಂದು ಕೋಣೆಯಲ್ಲಿ ತಿಂಗಳುಗಟ್ಟಲೆ ಬಾಗಿಲು ಮುಚ್ಚಿಕೊಂಡು ಇದ್ದವರು. ಒಬ್ಬನ ಅಣ್ಣ ಹೋಗಿದ್ದ, ಇನ್ನೊಬ್ಬಳ ಅಜ್ಜಿ. ಮುಟ್ಟಬಾರದೆಂಬ ಕಾಯಿದೆಯಿದ್ದ ಆ ಕಾಲದಲ್ಲಿ ಅವರನ್ನು ದಿನವೂ ಮುಟ್ಟುತ್ತಿದ್ದದ್ದು ಆ ಒಂದು ಕೈ.

"ಇರಲಿ ಸಿಸ್ಟರ್," ಎಂದಳು ತಬಸ್ಸುಮ. "ಅದು ಬಂದಾಗ ಸರ್ ಇದ್ದಾರ ಅನಸ್ತೈತಿ."

ಉಳಿದವರೂ ಇರಲಿ ಎಂದರು. ವಿಭಾಗದ ಬೇರೆ ವೈದ್ಯರೆಲ್ಲ ಜ್ವರದ ವಾರ್ಡಿನಲ್ಲಿದ್ದರು. ಪೆಟ್ಟಿಗೆಗಳ ಹೊಣೆ ನಾಗಮ್ಮನದೇ ಆಗಿತ್ತು. ಆಕೆಯೂ ಇರಲಿ ಎಂದಳು. ಹೇಳುವಾಗ ಒಳಗೊಳಗೇ ನಿರಾಳವಾಯಿತು. ಅದು ಶಿಷ್ಯರಿಗಾಗಿ ಆದದ್ದಲ್ಲವೆಂದು ಆಕೆಗೆ ತಿಳಿದಿತ್ತು.

ಏಕೆಂದರೆ ಆಕೆಯ ಕೋಣೆಯಲ್ಲಿಯೂ ಒಂದು ಪೆಟ್ಟಿಗೆಯಿತ್ತು, ತಪಾಸಣೆಗೆಂದು ಇಟ್ಟದ್ದು. ಸಂಜೆ ಐದಕ್ಕೆ, ಪಾಠಗಳೆಲ್ಲ ಮುಗಿದ ಮೇಲೆ, ನಾಗಮ್ಮ ಅದರಲ್ಲಿ ಕೈಯಿಡುವಳು. ದ್ರವ ಮೆಲ್ಲಗೆ ಬಿಗಿದು ಒಂದು ಅಂಗೈಯಾಗುವುದು, ಮೇಲ್ಮುಖವಾಗಿ, ಬೆರಳು ಸ್ವಲ್ಪ ಮಡಿಸಿ, ಏನನ್ನೋ ಕೇಳುವಂತೆ. ನಾಗಮ್ಮ ಅದರಲ್ಲಿ ಚಿಮಟವಿಡುವಳು. ಬೆರಳುಗಳು ಮುಚ್ಚಿಕೊಳ್ಳುವವು. ಮತ್ತೆ ತೆರೆಯುವವು. ಸೂಜಿ ಹಿಡಿಯುವ ಇಕ್ಕಳ ಇಡುವಳು. ಹೀಗೆ ಅರ್ಧ ತಾಸು. ಮನೆಗೆ ಹೋಗಿ ರೊಟ್ಟಿ ತಿನ್ನಲು ಅದರಿಂದ ಬಲ ಬರುತ್ತಿತ್ತು.

*

ಸರ್ ಹೋಗಿ ಇಪ್ಪತ್ತನಾಲ್ಕನೆಯ ದಿನ, ಮಧ್ಯಾಹ್ನ, ತಬಸ್ಸುಮಳ ತಾಯಿ ರಾಜಮಾ ಫೋನು ಮಾಡಿದಳು. ಅವರದು ಗಾದಿ ಹೊಲಿಯುವ ಮನೆ. ಪರದೆಯ ತುಂಬ ಅರಳೆಯ ರಾಶಿ, ನಡುವೆ ಗಾಬರಿ ಬಿದ್ದ ಆಕೆಯ ಮುಖ.

"ಸಿಸ್ಟರವ್ರ, ನಮ್ಮ ಹುಡುಗಿ ನಿನ್ನೀ ಮುಂಜಾನಿಂದ ಒಂದು ತುತ್ತ ಬಾಯಾಗ ಹಾಕಿಲ್ಲ ನೋಡ್ರಿ. ಪೆಟಗಿ ಮುಂದ ಕುಂತಾಳ. ನಾ ಅಂದೆ, ಏ ಹುಚ್ಚಿ, ಪೆಟಗಿಯೇನ ಬಿರಿಯಾನಿ ಕೊಡತೈತೇನ ಅಂದೆ. ನಗಲಿಲ್ರಿ. ನನ್ನ ಮಾತಿಗೆ ನಗಲಿಲ್ಲಂದ್ರ ಏನೋ ಆಗೇತಿ."

"ಕೊಡ್ರಿ ಆಕೀಗೆ."

ತಬಸ್ಸುಮ ಬಂದಳು. ನಡೆದದ್ದನ್ನು ಹೇಳಿದಳು. ಹೊಳೆಕಡ್ಲಿಯ ತಾಲೂಕು ಆಸ್ಪತ್ರೆಯ ಸರ್ಜನ್ನರಿಗೆ ಜ್ವರ ಬಂದು ವಾರವಾಗಿತ್ತು. ಊರಿನಲ್ಲಿ ಕತ್ತಿ ಹಿಡಿಯಬಲ್ಲವಳು ತಾನೊಬ್ಬಳೇ. ಮೊನ್ನೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಅಪೆಂಡಿಕ್ಸ್ ನೋವೆಂದು ಕರೆತಂದರು. ತಾನು ಮೊದಲು ಹುಬ್ಬಳ್ಳಿಯಲ್ಲಿ ಸರ್ ಪಕ್ಕದಲ್ಲಿದ್ದಾಗ ಹನ್ನೊಂದು ಬಾರಿ ಮಾಡಿದ ಆಪರೇಷನ್ನು ಅದು. ಪೆಟ್ಟಿಗೆಯಲ್ಲಿ ನೂರು ಬಾರಿ ಮಾಡಿದ್ದು.

"ಕತ್ತಿ ಹಿಡಿದು ನಿಂತೆ, ಸಿಸ್ಟರ್. ಕೈ ಮ್ಯಾಲೆ ಭಾರ ಇಲ್ಲ. ಭಾರ ಇಲ್ಲಂದ್ರ ಅದು ನನ್ನ ಕೈನ ಅಲ್ಲ ಅನಸಾಕತ್ತು. ಮೂರು ನಿಮಿಷ ನಿಂತಿದ್ದೆನಂತ. ಅರಿವಳಿಕಿ ಡಾಕ್ಟರು ಎರಡ ಸರ್ತಿ ಹೆಸರ ಹಿಡಿದು ಕರದ್ರಂತ. ನನಗ ಕೇಳಿಸಲಿಲ್ಲ. ಕಡೀಕ ಗಾಡಿ ತರಿಸಿ ಜಿಲ್ಲಾ ದವಾಖಾನಿಗೆ ಕಳಿಸಿದ್ರು. ದಾರ್ಯಾಗ ಒಡೀತು. ಉಳದಾಳ, ಆದ್ರ ಹೊಟ್ಟೀಗೆ ಮೂರು ನಳಿಗಿ ಹಾಕ್ಯಾರ." ಉಸಿರು ಎಳೆದುಕೊಂಡಳು. "ನಾ ಇನ್ನ ಕತ್ತಿ ಹಿಡಿಯಂಗಿಲ್ಲ. ಗಾದಿ ಹೊಲೀತೇನಿ."

"ನನ್ನ ಗಾದೀನೂ ಕೆಡಸ್ತಾಳ್ರಿ ಈಕಿ," ಎಂದು ಹಿಂದಿನಿಂದ ರಾಜಮಾ ಅಂದಳು. ಅಂದು ತಾನೇ ಸೆರಗಿನಿಂದ ಕಣ್ಣೊರಸಿಕೊಂಡಳು.

ನಾಗಮ್ಮ ಒಂದು ಪ್ರಶ್ನೆ ಕೇಳಿದಳು. "ಸರ್ ಕೈ ತಗದದ್ದು ಕಡೀಕ ಯಾವಾಗ?"

"ಅಂದ್ರ?"

"ನಿನ್ನ ಕೈ ಮ್ಯಾಲಿಂದ ತಮ್ಮ ಕೈ ಎತ್ತಿ ನಿನ್ನನ್ನ ಒಬ್ಬಾಕೀನ್ನ ಬಿಟ್ಟದ್ದು."

ತಬಸ್ಸುಮ ಮನಸ್ಸಿನಲ್ಲೇ ದಿನಗಳನ್ನು ಎಣಿಸಿದಳು. "ಸರ್ ದವಾಖಾನಿ ಸೇರಿದ ಮ್ಯಾಲೆ ಒಮ್ಮೆನೂ ಇಲ್ಲ, ಸಿಸ್ಟರ್."

*

ಯಲಿಗಾರ ಸರ್ ಅವರ ರೀತಿ ಥಿಯೇಟರಿನವರಿಗೆಲ್ಲ ಗೊತ್ತಿತ್ತು. ಹೊಸ ಶಿಷ್ಯನ ಕೈಯ ಮೇಲೆ ಕೈಯಿಟ್ಟು ಕಲಿಸುವರು. ಒಂದು ದಿನ, ಮೊದಲೇ ಹೇಳದೆ, ನಡು ಆಪರೇಷನ್ನಿನಲ್ಲಿ ಕೈ ತೆಗೆದುಬಿಡುವರು. ಎರಡು ಕೈಯನ್ನೂ ಎದೆಗೆ ಕಟ್ಟಿಕೊಂಡು, ಇದು ತನಗೆ ಸಂಬಂಧಪಟ್ಟದ್ದಲ್ಲವೆಂಬಂತೆ ಗೋಡೆ ಗಡಿಯಾರ ನೋಡುತ್ತ ನಿಲ್ಲುವರು. ಶಿಷ್ಯ ತಡವರಿಸಿದರೂ, ಬೆವರಿದರೂ, ಸಣ್ಣಪುಟ್ಟ ತಪ್ಪು ಮಾಡಿದರೂ ಕೈ ಮರಳುತ್ತಿರಲಿಲ್ಲ. ಆಗ ಮೇಜಿನ ಕೆಳಗೆ ಅವರ ಎಡಗಾಲಿನ ಬೆರಳು ಚಪ್ಪಲಿಯೊಳಗೆ ಕುಣಿಯುತ್ತಿದ್ದದ್ದು ಪಕ್ಕದಲ್ಲಿ ನಿಂತ ನಾಗಮ್ಮನೊಬ್ಬಳಿಗೇ ಕಾಣುತ್ತಿತ್ತು. ಪೆಟ್ಟಿಗೆಯ ಪಾಠದಲ್ಲಿಯೂ ಅವರು ಹಾಗೆಯೇ ಮಾಡುತ್ತಿದ್ದರು. ತಮ್ಮ ಪೆಟ್ಟಿಗೆಯಿಂದ ಕೈ ಹೊರಗೆಳೆದು, ಕುರ್ಚಿಗೆ ಒರಗಿ, ಪರದೆಯನ್ನು ನೋಡುತ್ತ ಕೂಡುವರು.

ನಾಗಮ್ಮ ವೈಜಯಂತಿಗೆ ಫೋನು ಹಚ್ಚಿದಳು.

"ಅಯ್ಯ, ನಾಗಮ್ಮನವರ, ಅದು ಖಾಲಿ ಇತ್ತಲ್ರೀ," ಎಂದಳು ವೈಜಯಂತಿ. "ಕೈ ಇಲ್ಲ ಅಂದ್ರ ಒತ್ತು ಇಲ್ಲ, ಒತ್ತು ಇಲ್ಲ ಅಂದ್ರ ಬರೀ ಸೊನ್ನಿ. ಹಳ್ಳ್ಯಾಗ ನೆಟ್‌ವರ್ಕು ಮೊದಲ ಇಲ್ಲ. ಸೊನ್ನಿ ಹೊತಗೊಂಡು ತಿರಗೋದು ಯಾಕ ಅಂತ ಎರಡು ಸೆಕೆಂಡಿಗಿಂತ ಉದ್ದ ಇದ್ದ ಖಾಲಿ ಎಲ್ಲಾ ಕತ್ತರಿಸಿ ತಗದೆ. ಉಳದದ್ದರಿಂದ ಯಂತ್ರ ಕಲೀತು."

"ಎಷ್ಟು ತಗದ್ರಿ?"

ವೈಜಯಂತಿ ಏನೋ ಒತ್ತಿ ನೋಡಿದಳು. "ಸಾವಿರದ ನೂರು ತಾಸಿನಾಗ ನಾನೂರು ತಾಸಿನ ಮ್ಯಾಲ ಅದ." ಹೇಳಿ, ತಾನೇ ಆಶ್ಚರ್ಯಪಟ್ಟಳು. "ಅಷ್ಟು ಹೊತ್ತು ಸರ್ ಸುಮ್ಮನ ಕೂತಿದ್ರೇನ್ರಿ?"

"ಸುಮ್ಮನ ಅಲ್ಲವಾ. ಕಲಸಾಕತ್ತಿದ್ರು."

ವೈಜಯಂತಿ ಸಣ್ಣ ದನಿಯಲ್ಲಿ, "ಕತ್ತರಿಸಿದ್ದು ಒಗದಿಲ್ರೀ, ಅದ. ತಿರುಗಿ ಹಚ್ಚಿ ಯಂತ್ರಕ್ಕ ಮತ್ತ ಕಲಸ್ತೇನಿ. ನಾಳೆ ಮಧ್ಯಾಹ್ನಕ್ಕ ಆಗ್ತದ," ಎಂದಳು. ಆಮೇಲೆ, "ಆದ್ರ ಒಂದು ತಿಳಕೋರಿ. ಖಾಲಿ ಸೇರಿಸಿದ ಮ್ಯಾಲ ಕೈ ತಾನ ನಿರ್ಧಾರ ಮಾಡ್ತದ. ಇವರು ತಯಾರಾಗ್ಯಾರ ಅನಿಸಿದ್ರ ಎತ್ತಿಬಿಡ್ತದ. ಸರ್ ಯಾರನ್ನ ಪೂರಾ ಬಿಟ್ಟಿದ್ರೋ ಅವರಿಗೆ ತಿರುಗಿ ಬಂದದ್ದು ದಾಖಲೆದಾಗ ಇಲ್ಲ. ಹೋದ್ರ ಹೋತು. ನೀವು ಹೂಂ ಅಂದ್ರ ಹಾಕ್ತೇನಿ," ಎಂದಳು.

*

ಮರುದಿನ ಮಧ್ಯಾಹ್ನ ವೈಜಯಂತಿಯಿಂದ ಸುದ್ದಿ ಬಂತು: ಸಿದ್ಧವಾಗಿದೆ. ನಾಗಮ್ಮ ಉತ್ತರ ಕೊಡಲಿಲ್ಲ.

ಕಾರಣಗಳಿಗೆ ಬರವಿರಲಿಲ್ಲ. ಶಿಷ್ಯರು ಎಳೆಯರು, ದುಃಖ ಹಸಿಯಾಗಿದೆ, ಇನ್ನೊಂದು ವಾರ ಹೋಗಲಿ. ತಬಸ್ಸುಮಳ ಮನಸ್ಸು ತಿಳಿಯಾಗಲಿ. ಒಂದೊಂದು ಕಾರಣವನ್ನೂ ಎತ್ತಿ ನೋಡಿದಳು, ಒಂದೊಂದರ ಅಡಿಯಲ್ಲೂ ತಾನೇ ಇದ್ದಳು. ಆರು ಜನರ ಕೈಯಿಂದ ಅದು ಎದ್ದುಹೋದರೆ ತನ್ನ ಐದು ಗಂಟೆಯೂ ಹೋಗುತ್ತದೆ. ನಾಳೆ ಹೇಳಿದರಾಯಿತು ಎಂದುಕೊಂಡಳು. ಐದಕ್ಕೆ ಪೆಟ್ಟಿಗೆಯಲ್ಲಿ ಕೈಯಿಟ್ಟಳು. ಅಂಗೈ ಬಂದಿತು, ಕೇಳಿತು, ಆಕೆ ಕೊಟ್ಟಳು. ಅಂದು ಒಂದು ತಾಸು ಕುಳಿತಳು.

ಮರುದಿನ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಳು. ದೇವರ ಮುಂದೆ ಕೂತು ಒಂದನ್ನು ಬೇಡುತ್ತ ಇನ್ನೊಂದನ್ನು ಬಚ್ಚಿಟ್ಟಿದ್ದೇನೆ ಎನಿಸಿತು. ಆದರೂ ಅಂದು ಮುಂಜಾನೆಯೂ ಆಕೆ ವೈಜಯಂತಿಗೆ ಹೇಳಲಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ಗೊತ್ತಿದ್ದೂ ಹೇಳಲಿಲ್ಲ.

ಹನ್ನೆರಡೂವರೆಗೆ ತಬಸ್ಸುಮಳ ಫೋನು ಬಂತು. ಅವಳು ಓಡುತ್ತ ಮಾತಾಡುತ್ತಿದ್ದಳು.

"ಸಿಸ್ಟರ್, ಇಟ್ಟಂಗಿ ಬಟ್ಟ್ಯಾಗಿನ ದ್ಯಾಮಣ್ಣ ಅಂತ, ನಲವತ್ತು ವರ್ಷದಾಂವ. ಹರ್ನಿಯಾದಾಗ ಕರಳು ಸಿಕ್ಕೊಂಡು ಬಿಗದೈತಿ. ನಿನ್ನೀ ಸಂಜಿಂದ ವಾಂತಿ. ಮುಟ್ಟಿದ್ರ ಒದರ್ತಾನ. ಗಾಡಿ ಒಂದೂ ಇಲ್ಲ, ಎಲ್ಲಾ ಜ್ವರದವರನ್ನ ಹೊತಗೊಂಡು ಹೋಗ್ಯಾವ, ಸಂಜೀಮಟ ಬರಂಗಿಲ್ಲಂತ. ಸಂಜೀಮಟ ಬಿಟ್ರ ಕರಳು ಸಾಯತೈತಿ, ಆಮ್ಯಾಲೆ ಅಂವ. ಅರಿವಳಿಕಿ ಡಾಕ್ಟರು ತಯಾರ ಅದಾರ. ನಾ ಮಾಡಬೇಕು. ನನ್ನ ಕೈಲೆ ಆಗಂಗಿಲ್ಲ."

"ಎಷ್ಟು ಹೊತ್ತು ಐತಿ?"

"ರಕ್ತ ಜೋಡಸಾಕ, ಸಲೈನ್ ಹಚ್ಚಾಕ ಮುಕ್ಕಾಲು ತಾಸು." ಒಂದು ಕ್ಷಣ ನಿಂತು ಕೇಳಿದಳು, "ಸಿಸ್ಟರ್, ಪೆಟಗಿ ದವಾಖಾನಿಗೇ ತಂದು, ಆ ಕೈನ ನನ್ನ ಕೈ ಮ್ಯಾಲೆ ಇಟಗೊಂಡು ಆಪರೇಷನ್ ಮಾಡಾಕ ಬರತೈತೇನು? ಸರ್ ಮ್ಯಾಲೆ ಇದ್ರ ಮಾಡ್ತೇನಿ."

ನಾಗಮ್ಮ ಕಣ್ಣು ಮುಚ್ಚಿದಳು. ತಾನು ನಿನ್ನೆ ಒಂದು ಮಾತು ಹೇಳಿದ್ದರೆ ಈ ಹುಡುಗಿ ಈಗ ಹೀಗೆ ಕೇಳುತ್ತಿರಲಿಲ್ಲ.

"ಅದು ಪೆಟಗಿ ಬಿಟ್ಟು ಬರಂಗಿಲ್ಲ, ತಂಗಿ. ಮನೀಗೆ ಓಡು. ಪೆಟಗ್ಯಾಗ ಹರ್ನಿಯಾ ಹಚ್ಚು. ಮುಕ್ಕಾಲು ತಾಸು ನಮ್ಮದೈತಿ." ಇನ್ನೊಂದು ಫೋನಿನಲ್ಲಿ ವೈಜಯಂತಿಗೆ, "ಹೂಂ. ಈಗ ಹಾಕ್ರಿ. ಎಲ್ಲಾರಿಗೂ," ಎಂದಳು.

"ನಿಮ್ಮ ಪೆಟಗಿಗೂ?"

"ಎಲ್ಲಾರಿಗೂ ಅಂದ್ನಲ್ಲವಾ."

*

ಫಲಕದ ಮೇಲೆ ಹೊಳೆಕಡ್ಲಿಯ ದೀಪ ಹತ್ತಿತು. ನಾಗಮ್ಮ ಪರದೆ ತೆರೆದಳು. ಅರಳೆಯ ರಾಶಿಯ ಪಕ್ಕದಲ್ಲಿ ಪೆಟ್ಟಿಗೆ, ಅದರ ಮುಂದೆ ತಬಸ್ಸುಮ. ಬಾಗಿಲಲ್ಲಿ ರಾಜಮಾ.

ಕೈ ಬಂದು ತಬಸ್ಸುಮಳ ಕೈಯ ಮೇಲೆ ಕೂತಿತು. ಅವಳ ಭುಜ ಸಡಿಲಾದದ್ದು ಪರದೆಯಲ್ಲೇ ಕಂಡಿತು. ಚರ್ಮ ಬಿಡಿಸಿದಳು. ಕೆಳಗಿನ ಪದರ ಬಿಡಿಸಿದಳು. ಹರ್ನಿಯಾದ ಬಿಗಿದ ಕೊರಳನ್ನು ತಲುಪಿದಳು. ಕರುಳನ್ನು ಉಸಿರುಗಟ್ಟಿಸಿ ಹಿಡಿದಿರುವ ಉಂಗುರ ಅದು, ಅದನ್ನು ಕೊಯ್ಯುವಾಗ ಒಂದು ಕೂದಲೆಳೆ ಆಚೆ ಹೋದರೆ ಕರುಳೇ ಕೊಯ್ದುಹೋಗುತ್ತದೆ. ಕತ್ತಿಯನ್ನು ಅದರ ಅಂಚಿಗೆ ತಂದಳು.

ಆಗ ಕೈ ಎದ್ದಿತು.

"ಸಿಸ್ಟರ್!" ಎಂದು ಚೀರಿದಳು. "ಹೋತು! ಯಂತ್ರ ಕೆಟ್ಟೈತಿ!"

"ಕೆಟ್ಟಿಲ್ಲ. ಸರ್ ಕೈ ತಗದಾರ."

"ಇಲ್ಲೇ? ಇಂಥಾ ಜಾಗಾದಾಗ?"

"ಅವರು ತಗೀತಿದ್ದದ್ದ ಇಂಥಾ ಜಾಗಾದಾಗ, ತಂಗಿ. ಹಗುರ ಜಾಗಾದಾಗ ತಗದ್ರ ಏನ ಕಲಸಿದಂಗಾತು?"

ತಬಸ್ಸುಮ ಅಲುಗಲಿಲ್ಲ. ಒಂದು ನಿಮಿಷ. ಎರಡು ನಿಮಿಷ. ನಾಗಮ್ಮ ಏನೂ ಹೇಳಲಿಲ್ಲ. ಹೇಳಬೇಕೆಂದು ನಾಲಿಗೆ ತುದಿಯವರೆಗೆ ಬಂದದ್ದನ್ನೆಲ್ಲ ನುಂಗಿದಳು. ಇಷ್ಟು ವರ್ಷ ಆ ಮನುಷ್ಯ ಗಡಿಯಾರ ನೋಡುತ್ತ ನಿಂತಾಗ ಒಳಗೆ ಏನು ಅನುಭವಿಸಿರಬೇಕೆಂದು ಆಕೆಗೆ ಮೊದಲ ಸಲ ತಿಳಿಯಿತು.

ಮೂರನೆಯ ನಿಮಿಷದಲ್ಲಿ ತಬಸ್ಸುಮಳ ಕೈ ಮುಂದೆ ಸರಿಯಿತು. ಉಂಗುರ ಬಿಚ್ಚಿತು.

"ಈಗ ದವಾಖಾನಿಗೆ ಹೋಗು," ಎಂದಳು ನಾಗಮ್ಮ. "ಅಲ್ಲಿ ಕರಳು ಹೊರಗ ತಗದ ಮ್ಯಾಲೆ ಕರ್ರಗ ಕಂಡ್ರ ಅಂಜಿ ಕತ್ತರಸಬ್ಯಾಡ. ಬಿಸಿ ಸಲೈನಿನ ಅರಿವಿ ಸುತ್ತಿ ಹತ್ತು ನಿಮಿಷ ಕಾಯಿ. ಕಾಯೋದು ಬಿಟ್ಟು ಬ್ಯಾರೆ ಏನೂ ಮಾಡಬ್ಯಾಡ."

ತಬಸ್ಸುಮ ಎದ್ದಳು. ರಾಜಮಾ ಮಗಳ ತಲೆಯ ಮೇಲಿನ ಅರಳೆಯ ಎಳೆಯನ್ನು ತೆಗೆದು, "ಹೋಗವಾ, ಇಲ್ಲೆ ಗಾದಿ ಹೊಲ್ಯಾಕ ನಾ ಅದೇನಿ," ಎಂದಳು.

*

ಹೊಳೆಕಡ್ಲಿಯಲ್ಲಿ ಒಂದೂವರೆಗೆ ಸುರುವಾದದ್ದು ಏನಾಯಿತೆಂದು ತಿಳಿಯಲು ನಾಗಮ್ಮನಿಗೆ ದಾರಿಯಿರಲಿಲ್ಲ. ಫಲಕದ ಮುಂದೆ ಕೂತಳು. ಉಳಿದ ಐವರ ಮಧ್ಯಾಹ್ನದ ಪಾಠ ಸುರುವಾಯಿತು. ಒಬ್ಬರಾದ ಮೇಲೆ ಒಬ್ಬರು ಫೋನು ಮಾಡಿ, ಕೈ ಹೋಯಿತೆಂದರು. ಒಬ್ಬ ಸಿಟ್ಟಾದ. ಒಬ್ಬಳು ಅತ್ತಳು. ಇನ್ನೊಬ್ಬ ಮಾತ್ರ, "ನನ್ನ ಕೈ ಮ್ಯಾಲೆ ಇನ್ನೂ ಕುಂತೈತ್ರಿ ಸಿಸ್ಟರ್," ಎಂದು ನಾಚಿಕೊಂಡು ಹೇಳಿದ. "ನೀ ಇನ್ನಷ್ಟು ಕಲೀಬೇಕಂತ," ಎಂದಳು ನಾಗಮ್ಮ. ಎಲ್ಲರಿಗೂ ಯಾಕೆಂದು ಬಿಡಿಸಿ ಹೇಳಿದಳು. ತಾನು ಒಂದು ದಿನ ತಡಮಾಡಿದ್ದನ್ನೂ ಹೇಳಿದಳು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಫೋನು ಬಂತು. ತಬಸ್ಸುಮ ಮೊದಲು ಬರೀ ಉಸಿರಾಡಿದಳು.

"ಕರ್ರಗ ಇತ್ತು, ಸಿಸ್ಟರ್. ಬದನಿಕಾಯಿಗತೆ. ಅರಿವಿ ಸುತ್ತಿ ನಿಂತೆ. ಆರು ನಿಮಿಷ ಏನೂ ಇಲ್ಲ. ಅರಿವಳಿಕಿ ಡಾಕ್ಟರು ಕತ್ತರಸಮ್ಮಾ ಅಂದ್ರು. ನಾ ತಡೀರಿ ಅಂದೆ. ಎಂಟನೇ ನಿಮಿಷಕ್ಕ ಅಂಚಿನಾಗ ಕೆಂಪು ಬಂತು. ಆಮ್ಯಾಲೆ ಪೂರಾ. ಒಳಗ ಕಳಿಸಿ ಹೊಲಿಗಿ ಹಾಕಿದೆ. ದ್ಯಾಮಣ್ಣ ಈಗ ಬೀಡಿ ಕೇಳಾಕತ್ಯಾನ."

"ಕೊಡಬ್ಯಾಡ."

"ನಾ ಯಾಕ ಕೊಡ್ಲಿ." ನಕ್ಕಳು, ನಗುವ ನಡುವೆ ಅಳು ಬಂತು. "ಒಬ್ಬಾಕೀನ ಇದ್ದೆ, ಸಿಸ್ಟರ್. ಭಾಳ ಒಬ್ಬಾಕೀನ ಇದ್ದೆ. ಇದು ಹಿಂಗ ಇರತೈತೇನು ಯಾವಾಗಲೂ?"

"ಹಿಂಗ ಇರತೈತಿ," ಎಂದಳು ನಾಗಮ್ಮ. "ಅವರೂ ಹಿಂಗ ಇದ್ರು. ಉಣ್ಣು ಹೋಗು."

ಐದು ಗಂಟೆಯಾಯಿತು. ನಾಗಮ್ಮ ತಪಾಸಣೆಯ ಪೆಟ್ಟಿಗೆಯ ಮುಂದೆ ಕೂತು ಕೈಯಿಟ್ಟಳು. ಅಂಗೈ ಬಂದಿತು. ಚಿಮಟ ಕೊಟ್ಟಳು, ತೆಗೆದುಕೊಂಡಿತು. ಇಕ್ಕಳ ಕೊಟ್ಟಳು, ತೆಗೆದುಕೊಂಡಿತು. ಹೊಲಿಗೆಯ ದಾರ ಕತ್ತರಿಸುವ ಕತ್ತರಿ ಕೊಟ್ಟಳು. ಅದು ಪ್ರತಿ ಆಪರೇಷನ್ನಿನ ಕೊನೆಯ ಉಪಕರಣ. ಬೆರಳುಗಳು ಮುಚ್ಚಿದವು, ತೆರೆದವು, ಕತ್ತರಿಯನ್ನು ಆಕೆಯ ಕೈಗೇ ಮರಳಿಸಿದವು. ಆಮೇಲೆ ದ್ರವ ಸಡಿಲಾಯಿತು. ನಾಗಮ್ಮ ಕೈ ತೆಗೆಯದೆ ಕಾದಳು. ಏನೂ ಬಿಗಿಯಲಿಲ್ಲ. ಅಂಬಲಿಯಷ್ಟೇ ಮಂದವಾಗಿ, ಸ್ವಲ್ಪ ಬೆಚ್ಚಗೆ, ಆಕೆಯ ಬೆರಳುಗಳ ಸುತ್ತ ಸುಮ್ಮನೆ ನಿಂತಿತು.

ಆಕೆ ಕೈ ಹೊರಗೆ ತೆಗೆದು, ತೊಳೆದು, ಒರಸಿಕೊಂಡಳು. ಇಪ್ಪತ್ತಾರು ದಿನ ಬಾರದಿದ್ದ ಕಣ್ಣೀರು ಆಗ ಬಂತು. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಸೆರಗು ಅಡ್ಡ ಹಿಡಿಯಲಿಲ್ಲ. ಮನೆಗೆ ನಡೆದಳು. ದಾರಿಯುದ್ದಕ್ಕೂ ಮುಚ್ಚಿದ ಅಂಗಡಿಗಳು. ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಳು. ಕಣ್ಣು ನಿಂತಿತು. ಸರ್ ಹೋದಂದಿನಿಂದ ಅವರಿಗಾಗಿ ತಾನು ಒಮ್ಮೆಯೂ ಬೇಡಿಕೊಂಡಿಲ್ಲವೆಂಬುದು ಆಗ ನೆನಪಾಯಿತು. ಹೋಗಿಲ್ಲದವರಿಗಾಗಿ ಹೇಗೆ ಬೇಡಿಕೊಳ್ಳುವುದು?

ತಂದೆ, ಯಲಿಗಾರ ಶಿವಪುತ್ರಪ್ಪನೆಂಬ ಈ ಜೀವ ಬಹಳ ದುಡಿದು ನಿನ್ನ ಕಡೆ ಹೊರಟಿದೆ. ಅರಿಯದೆ ಕೆಲವು ದಿನ, ಅರಿತೂ ಒಂದು ದಿನ, ನಾವು ಅದನ್ನು ದಾರಿಯಲ್ಲಿ ತಡೆದೆವು. ಆ ತಪ್ಪು ನನ್ನದು, ಅವರ ಲೆಕ್ಕಕ್ಕೆ ಹಚ್ಚಬೇಡ. ಇನ್ನು ಯಾರೂ ಕರೆಯುವುದಿಲ್ಲ. ಎಷ್ಟೋ ಜನರ ನೋವನ್ನು ಮುಟ್ಟಿದ ಕೈ, ಅದನ್ನು ನಿನ್ನ ಕೈಯೊಳಗೆ ತೆಗೆದುಕೋ. ದಣಿದಿದ್ದಾರೆ ತಂದೆ, ಮಲಗಲಿ. ನಿನ್ನಲ್ಲಿ ಶಾಂತಿ ಸಿಗಲಿ.